ಹಾಸಿಗೆ ಯಜಮಾನರ ದಾನ

ಕೂರುವ ಮೊದಲು ಆಸನವನ್ನು ಮುಷ್ಟಿಯಿಂದ ಒತ್ತಿ ನೋಡದೆ ಹಾಸಿಗೆ ಯಜಮಾನರು ಎಲ್ಲಿಯೂ ಕೂತವರಲ್ಲ. ಬೀಗರ ಮನೆಯ ಸೋಫಾ ಇರಲಿ, ಮಂತ್ರಿಗಳ ಕೊಠಡಿಯ ಕುರ್ಚಿ ಇರಲಿ, ಮೊದಲು ಮುಷ್ಟಿ, ಆಮೇಲೆ ಮೂಗು ಮುರಿಯುವುದು, ಕೊನೆಗೆ ದೇಹ. ಹಾಸಿಗೆ ಕಾರ್ಖಾನೆ ನಡೆಸಿ ಅಪಾರ ಐಶ್ವರ್ಯ ಗಳಿಸಿದ ಈ ಮನುಷ್ಯ, ಹತ್ತಿಯ ಎಳೆ ಅಂಟಿದ ಬೂದು ಕೋಟಿನಲ್ಲಿ, ಯಾರೋ ಹಿಂದಿನಿಂದ ತಳ್ಳುತ್ತಿರುವಂತೆ ಮುಂದಕ್ಕೆ ಬಾಗಿ ನಡೆಯುತ್ತಿದ್ದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಕೇಳಿದರೆ ಅವರಿಗೆ ಮೈಯೆಲ್ಲ ಉರಿ. "ಕಾಲಿದ್ದಷ್ಟು ಹಾಸಿಗೆ ಮಾಡಿಕೊಡೋಕೆ ನಾನಿಲ್ವಾ?" ಎನ್ನುತ್ತಿದ್ದರು.

ಎಪ್ಪತ್ತು ದಾಟಿದ ಮೇಲೆ, ವಾಸದ ಮನೆಯೊಂದನ್ನು ಉಳಿಸಿಕೊಂಡು, ಕಾರ್ಖಾನೆಯನ್ನೂ ಮಿಕ್ಕ ಸಮಸ್ತ ಆಸ್ತಿಯನ್ನೂ ಮಾರಿ, ಮೂಳೆಯ ಕಾಯಿಲೆಯ ಮಕ್ಕಳಿಗಾಗಿ ಆಸ್ಪತ್ರೆ ಕಟ್ಟಿಸಿದರು. ವಾರಸುದಾರಳಾದ ಒಬ್ಬಳೇ ಮಗಳು ಅಡ್ಡಿ ಮಾಡಲಿಲ್ಲ. "ನಿಮ್ಮ ದುಡಿಮೆ, ನೀವು ಕೊಡಿ ಅಪ್ಪ. ಆದ್ರೆ ಕೊಟ್ಟ ಮೇಲೆ ಸುಮ್ನಿರಬೇಕು. ಅದು ನಿಮ್ಮ ಕೈಲಾಗುತ್ತಾ?" ಎಂದಷ್ಟೇ ಕೇಳಿದಳು.

ಆಗಲಿಲ್ಲ. ಬೆಳಗಾದರೆ ಆಸ್ಪತ್ರೆಯಲ್ಲಿ ಹಾಜರು. ಪರದೆಯ ಬಣ್ಣ ಸರಿಯಿಲ್ಲ, ಮಂಚ ಕಿಟಕಿಯ ಕಡೆಗಿರಬೇಕು, ದಾದಿಯರ ಚಪ್ಪಲಿ ಸದ್ದು ಮಾಡುತ್ತದೆ, ಹೀಗೆ ಒಂದಲ್ಲ ಒಂದು ತಕರಾರು. ದಾದಿಯರು ಎದುರಿಗೆ ತಲೆಯಾಡಿಸಿ ಬೆನ್ನ ಹಿಂದೆ ನಗುತ್ತಿದ್ದರು. ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದೆಂದು ಪಡೆದವರಿಗೆ ಬುದ್ಧಿ ಹೇಳುವುದುಂಟು. ಕೊಟ್ಟವರೇ ದಿನಾ ಬಂದು ಹಲ್ಲು ಎಣಿಸತೊಡಗಿದರೆ ಏನು ಮಾಡಬೇಕೋ ಹಿರಿಯರು ಹೇಳಿಹೋಗಿಲ್ಲ.

ಒಂದು ಬೆಳಿಗ್ಗೆ, ಹಿಂದಿನ ದಿನವಷ್ಟೇ ತೊಡೆಯ ಶಸ್ತ್ರಚಿಕಿತ್ಸೆಯಾಗಿದ್ದ ಹುಡುಗಿಯ ಹಾಸಿಗೆ ತಗ್ಗಾಗಿದೆಯೆಂಬ ಅನುಮಾನ ಬಂದು, ಅವಳ ಮಗ್ಗುಲಲ್ಲೇ ಮುಷ್ಟಿಯೂರಿ ಒತ್ತಿಬಿಟ್ಟರು. ಹಾಸಿಗೆ ಕುಸಿದು ಅವಳ ಕಾಲು ವಾಲಿತು. ಮಗು ಚೀರಿದ್ದು ಇಡೀ ವಾರ್ಡಿಗೆ ಕೇಳಿಸಿತು.

ಆಸ್ಪತ್ರೆಯ ಮುಖ್ಯಸ್ಥೆ ಡಾಕ್ಟರಮ್ಮ. ಯಜಮಾನರೇ ಕಾಡಿ ಬೇಡಿ ಕರೆತಂದವರು. ಅವರು ಯಜಮಾನರನ್ನು ತಮ್ಮ ಕೊಠಡಿಗೆ ಕರೆದು ಬಾಗಿಲು ಮುಚ್ಚಿದರು. "ಯಜಮಾನ್ರೇ, ನಾಳೆಯಿಂದ ಇಲ್ಲಿಗೆ ನೀವು ಬರಬೇಕು, ಇಲ್ಲಾ ನಾನು ಬರಬೇಕು. ಇಬ್ರೂ ಆಗಲ್ಲ. ನಾನು ಹೋದ್ರೆ ಆ ಹುಡುಗಿಗೆ ಬಾಕಿಯಿರೋ ಇನ್ನೊಂದು ಆಪರೇಷನ್ ಮಾಡೋರು ಇಲ್ಲಿ ಯಾರೂ ಇಲ್ಲ."

ಕಾರ್ಖಾನೆ ಕೈಬಿಟ್ಟ ಮೇಲೆ ಯಜಮಾನರಿಗೆ ಲೋಕದಲ್ಲಿ ಉಳಿದಿದ್ದುದು ಈ ವಾರ್ಡುಗಳಷ್ಟೇ.

"ಎಲ್ಲಾ ಕೊಟ್ಟಾಯ್ತಲ್ಲಮ್ಮ, ಬೆಳಿಗ್ಗೆ ಎದ್ದು ನಾನೆಲ್ಲಿಗೆ ಹೋಗಲಿ?"

ಡಾಕ್ಟರಮ್ಮ ಆ ಹುಡುಗಿಯ ಎಕ್ಸ್‌ರೇ ತೆಗೆದು ಅವರ ಮುಂದಿಟ್ಟರು. "ನೀವೇ ಇರಿ" ಎಂದು ಯಜಮಾನರು ಎದ್ದು ಹೋದರು. ಮತ್ತೆಂದೂ ಅಲ್ಲಿಗೆ ಕಾಲಿಡಲಿಲ್ಲ. ಎಷ್ಟೋ ದಿನ ಬೆಳಿಗ್ಗೆ ಸ್ನಾನ ಮುಗಿಸಿ ಮನೆಯ ಹೊಸ್ತಿಲವರೆಗೆ ಬಂದು, ನಿಂತು, ಒಳಗೆ ಹೋಗುತ್ತಿದ್ದರೆಂದು ಮಗಳು ಆಮೇಲೆ ಪಕ್ಕದ ಮನೆಯ ನನಗೆ ಹೇಳಿದಳು. ಕೇಳಿ ಸಂಕಟವಾಯಿತು.

ಕೊಡುಗೈ ದೊರೆಗಳೆಂದು ಹೊಗಳಿಸಿಕೊಳ್ಳುವ ಈ ಕುಲದವರಿಗೆ ಸಂಪತ್ತನ್ನು ಬಿಡುವುದು ನಾವೆಣಿಸಿದಷ್ಟು ಕಷ್ಟವಲ್ಲ. ಸಂಪತ್ತಿನ ಜೊತೆ ತಮ್ಮ ಮಾತು ನಡೆಯುವುದನ್ನೂ ಬಿಡಬೇಕೆಂದು ಅವರಿಗೆ ಯಾರೂ ಕಲಿಸಿರುವುದಿಲ್ಲ. ಬಹುತೇಕರು ಕಲಿಯದೆಯೇ ಕಣ್ಮುಚ್ಚುತ್ತಾರೆ, ಅವರ ಕಲ್ಲಿನ ಪ್ರತಿಮೆಗಳು ಬಾಗಿಲಲ್ಲಿ ನಿಂತು ಯಜಮಾನಿಕೆ ಮುಂದುವರಿಸುತ್ತವೆ. ಕಲಿತ ಒಬ್ಬರೋ ಇಬ್ಬರೋ ಮಾತ್ರ, ತಾವೇ ಕಟ್ಟಿಸಿದ ಕಟ್ಟಡದ ಮುಂದೆ ದಾರಿಹೋಕರಂತೆ ಹಾದುಹೋಗುತ್ತಾರೆ.