ಮುಚ್ಚಿಟ್ಟ ಲ್ಯಾಪ್‌ಟಾಪ್

ಇಂದ್ರಾಣಿಯ ಲ್ಯಾಪ್‌ಟಾಪಿನ ಮುಚ್ಚಳ ತೆರೆದು ಒಂದು ವರ್ಷವಾಗಿತ್ತು. ಬಸ್ಸಿನ ನೂಕುನುಗ್ಗಲಿಗೆ ಸಿಕ್ಕಿ ಕೀಲು ಮುರಿದ ಮೇಲೆ, ತೆರೆದರೆ ಪರದೆ ಹಿಂದಕ್ಕೆ ಜೋತುಬಿದ್ದು ಕಪ್ಪಾಗುತ್ತಿತ್ತು. ಅವಳು ಅದನ್ನು ಮುಚ್ಚಿದಂತೆಯೇ ಟೀವಿಯ ಕೆಳಗಿಟ್ಟು, ವೈರಿನಿಂದ ಟೀವಿಗೆ ಜೋಡಿಸಿ, ಬೇರೆ ಕೀಬೋರ್ಡು, ಮೌಸು ಸಿಕ್ಕಿಸಿದಳು. ಮುಚ್ಚಿದರೂ ಆರದಂತೆ ಸೆಟ್ಟಿಂಗ್ ಬದಲಿಸಿದಳು. ಅಲ್ಲಿಂದಾಚೆಗೆ ಅದು ಡೆಸ್ಕ್‌ಟಾಪೇ ಆಗಿಹೋಯಿತು. ದೇವನೂರಿನ ಆ ಮನೆಯಲ್ಲಿ ಅವ್ವ ಮುದ್ದಮ್ಮ ಸೀರಿಯಲ್ ನೋಡದ ಹೊತ್ತಿನಲ್ಲೆಲ್ಲ ಟೀವಿಯ ತುಂಬ ರೋಗಗಳ ಹೆಸರು, ಅವುಗಳ ಕೋಡ್ ನಂಬರು.

ಇಂದ್ರಾಣಿ ಟಿ. ನರಸೀಪುರದ ಒಂದು ನರ್ಸಿಂಗ್ ಹೋಮಿನಲ್ಲಿ ಏಳು ವರ್ಷದಿಂದ ರೋಗಿಗಳ ದಾಖಲೆ ಬರೆಯುತ್ತಿದ್ದಳು. ರೋಗಗಳಿಗೆ ಕೋಡ್ ಹಾಕುವ ಸರ್ಟಿಫಿಕೇಟ್ ಇಲ್ಲದವರನ್ನು ಮುಂದಿನ ತಿಂಗಳಿಂದ ಇಟ್ಟುಕೊಳ್ಳುವುದಿಲ್ಲ ಎಂದು ಹೊಸ ಆಡಳಿತದವರು ಹೇಳಿದ್ದರು. ಅದರ ಪರೀಕ್ಷೆಯನ್ನು ಮೈಸೂರಿನ ಸೆಂಟರಿನಲ್ಲಿ ಎರಡು ಸಲ ಬರೆದು ನಪಾಸಾಗಿದ್ದಳು. ಮೂರನೆಯದು ಮನೆಯಿಂದಲೇ, ಆನ್‌ಲೈನ್. ನಾಲ್ಕನೆಯ ಅವಕಾಶವಿರಲಿಲ್ಲ.

ಪರೀಕ್ಷೆ ಹತ್ತಕ್ಕೆ. ಒಂಬತ್ತೂವರೆಗೆ ಲಾಗಿನ್ ಆದಳು. ಟೀವಿಯ ಮೇಲೆ ಕೆಂಪು ಅಕ್ಷರ: ನಿಮ್ಮ ಮುಖ ಕಾಣುತ್ತಿಲ್ಲ, ಹೊರಗಿನ ಪರದೆ ತೆಗೆಯಿರಿ. ಕ್ಯಾಮೆರಾ ಮುಚ್ಚಳದ ಒಳಗಿತ್ತು. ಆರು ತಿಂಗಳು ಓದಿದವಳಿಗೆ ಅದೊಂದು ಹೊಳೆದಿರಲಿಲ್ಲ.

ಚಿಕ್ಕಪ್ಪನ ಮಗ ಸಿದ್ದುಗೆ ಫೋನ್ ಮಾಡಿದಳು.

“ನಿನ್ ಲ್ಯಾಪ್‌ಟಾಪ್ ಈಗ್ಲೇ ತಂದ್ಕೊಡೋ.”

“ನಂಜನಗೂಡಲ್ಲಿವ್ನಿ ಕಣಕ್ಕ. ಬರಾಕೆ ಮುಕ್ಕಾಲ್ ಗಂಟೆ ಆಯ್ತದೆ. ಅಲ್ಲೇ ಯಾವ್ದಾರ ಸೈಬರ್‌ಗೋಗು.”

“ರೂಮಲ್ಲಿ ಬೇರೆ ಯಾರೂ ಇರಂಗಿಲ್ಲ ಕಣೋ.”

ಫೋನಿಟ್ಟು, ಟೀವಿಯ ವೈರು ಕಿತ್ತು, ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲಿಟ್ಟು ಮುಚ್ಚಳ ಎತ್ತಿದಳು. ಕಪ್ಪು. ಕೈಯಲ್ಲಿ ಹಿಡಿದು ಅತ್ತಿತ್ತ ಓರೆ ಮಾಡಿದಾಗ ಒಂದೇ ಒಂದು ಕಡೆ ಚಿತ್ರ ಬಂತು. ಕೈಬಿಟ್ಟರೆ ಹೋಯಿತು. ಪುಸ್ತಕ ಒತ್ತುಕೊಟ್ಟು ನೋಡಿದಳು, ದಾರ ಕಟ್ಟಿ ನೋಡಿದಳು. ನಿಲ್ಲಲಿಲ್ಲ. ಒಲೆಯ ಮುಂದಿದ್ದ ಮುದ್ದಮ್ಮ ಒದ್ದೆ ಕೈಯಲ್ಲೇ ಬಂದಳು.

“ಯಾಕ್ಮಗ ಅಳ್ತಾ ಇದ್ದೀ?”

“ಇಡ್ಕಂಡ್ರೆ ಮಾತ್ರ ಕಾಣ್ತದೆ ಕಣವ್ವ. ಇಡ್ಕಂಡು ನಾನು ಬರೆಯೋದೆಂಗೆ?”

“ನಾನ್ ಇಡ್ಕತೀನಿ ಬುಡು.”

“ಅವ್ರು ಕ್ಯಾಮೆರಾದಲ್ಲಿ ನೋಡ್ತಿರ್ತಾರೆ.”

“ಇಂದ್ಗಡೆ ಕುಂತ್ಕಂಡ್ರೆ ನಾನೆಲ್ ಕಾಣ್ತೀನಿ?”

ನಿಯಮಕ್ಕೆ ವಿರುದ್ಧವೆಂದು ಇಂದ್ರಾಣಿಗೆ ಗೊತ್ತಿತ್ತು. ಹತ್ತಕ್ಕೆ ಎಂಟು ನಿಮಿಷವಿತ್ತು.

ಪರೀಕ್ಷೆ ಕಾಯುವವರು ಕೋಣೆ ತೋರಿಸಿ ಎಂದಾಗ ಇಂದ್ರಾಣಿ ಲ್ಯಾಪ್‌ಟಾಪನ್ನೇ ಎತ್ತಿ ಸುತ್ತ ತಿರುಗಿದಳು. ಪರದೆ ಹಿಡಿದುಕೊಂಡಿದ್ದ ಮುದ್ದಮ್ಮ ಅದರ ಬೆನ್ನಿಗೇ ಮಂಡಿಯೂರಿ ತೆವಳಿದಳು. ಗೋಡೆಯ ಮೇಲಿನ ಬುದ್ಧ, ಬಾಬಾಸಾಹೇಬರು, ಅಕ್ಕಿ ಮೂಟೆ, ಬಾಗಿಲು. ಯಾರೂ ಇಲ್ಲವೆಂದು ಆ ಕಡೆಯವರು ಒಪ್ಪಿದರು.

ನೂರು ಪ್ರಶ್ನೆ, ಎರಡು ಗಂಟೆ. ಮೊದಲ ನಲವತ್ತು ನೀರು ಕುಡಿದಂತೆ ಹೋದವು. ಈ ಸಲ ಆಗುತ್ತದೆ ಅನ್ನಿಸಿತು. ಆಮೇಲೆ ಚಿತ್ರ ನಡುಗತೊಡಗಿತು. ಕಬ್ಬಿನ ಹೊರೆ ಹೊತ್ತು ಸವೆದ ಭುಜಗಳು ಅವ್ವನವು. ಉಸಿರು ಕೇಳುತ್ತಿತ್ತು. ಸಾಕು ಬಿಡವ್ವ ಎನ್ನಲು ಬಾಯಿ ತೆರೆಯುವಂತಿರಲಿಲ್ಲ, ಬಿಟ್ಟರೆ ಮುಗಿಯಿತು. ಇಂದ್ರಾಣಿ ಪ್ರಶ್ನೆ ಪೂರ್ತಿ ಓದದೆ ಉತ್ತರ ಒತ್ತತೊಡಗಿದಳು.

ಅರವತ್ತೆಂಟನೆಯ ಪ್ರಶ್ನೆಗೆ ಪರದೆ ಜಾರಿತು. ಮುದ್ದಮ್ಮ ತಟ್ಟನೆ ಹಿಡಿತ ಬದಲಿಸಿದಳು. ಪರದೆಯ ಮೂಲೆಯಲ್ಲಿ ಕ್ಯಾಮೆರಾ ತೋರಿಸುವ ಪುಟ್ಟ ಚೌಕದಲ್ಲಿ, ಇಂದ್ರಾಣಿಯ ಮುಖದ ಮೇಲುಗಡೆ, ನಾಲ್ಕು ಬೆರಳು ಕಂಡವು.

ಸಂದೇಶ ಬಂತು: ಬೇರೊಬ್ಬರ ಕೈ ಕಾಣುತ್ತಿದೆ.

ನನ್ನ ತಾಯಿ, ಪರದೆ ಮುರಿದಿದೆ, ಹಿಡಿದುಕೊಂಡಿದ್ದಾರೆ ಅಷ್ಟೆ, ಅವರಿಗೆ ಓದಲು ಬರುವುದಿಲ್ಲ ಎಂದು ಟೈಪ್ ಮಾಡಿದಳು. ಆಮೇಲೆ ಪ್ರಶ್ನೆ ಮಾಯವಾಯಿತು. ಪರೀಕ್ಷೆ ರದ್ದಾಗಿದೆ.

ಹಿಂದೆ ಕೂತವಳಿಗೆ ಇದೇನೂ ಕಾಣದು. ಅವಳು ಹಿಡಿದೇ ಇದ್ದಳು. ಇಂದ್ರಾಣಿ ಎದ್ದು ಹೋಗಿ ಅವ್ವನ ಕೈಗಳನ್ನು ಒಂದೊಂದಾಗಿ ಬಿಡಿಸಿದಳು. ಬೆರಳು ನೆಟ್ಟಗಾಗಲಿಲ್ಲ.

“ಮುಗೀತಾ ಮಗ?”

“ನೆಟ್ ಓಯ್ತು ಕಣವ್ವ. ರದ್ ಮಾಡ್ಬುಟ್ರು.”

“ನನ್ ಕೈ ನಡುಗ್ತಲ್ಲ, ಅದ್ಕಲ್ವಲ್ಲ?”

“ಅಲ್ಲ ಕಣವ್ವ.”

“ಅಂಗಾರೆ ಇನ್ನೊಂದ್ಸಲ ಬರಿ. ನಾನೇ ಇಡ್ಕತೀನಿ.”

ಇಂದ್ರಾಣಿ ಆ ಭುಜಗಳನ್ನು ಉಜ್ಜುತ್ತಾ ಹೂಂ ಎಂದಳು. ತಿಂಗಳ ಕೊನೆಗೆ ನರ್ಸಿಂಗ್ ಹೋಮಿನವರು ಅವಳನ್ನು ಕೆಲಸದಿಂದ ಬಿಡಿಸಿದರು. ಇನ್ನೊಂದು ಸಲ ಎಂಬುದು ಇಲ್ಲವೆಂದು ಅವ್ವನಿಗೆ ಅವಳಿನ್ನೂ ಹೇಳಿಲ್ಲ.