ದೀಪದ ಖಾತೆ

ನಮ್ಮದು ಗಾಜಿನಂಗಡಿ. ಕಿಟಕಿಗೆ, ಬಾಗಿಲಿಗೆ, ಬಚ್ಚಲಮನೆಯ ಕನ್ನಡಿಗೆ ಗಾಜು ಕತ್ತರಿಸಿ ಕೊಡುತ್ತೇವೆ, ಬೇಕೆಂದರೆ ಹೋಗಿ ಕೂರಿಸಿಯೂ ಬರುತ್ತೇವೆ. ಈ ‘ಬರುತ್ತೇವೆ’ ಎನ್ನುವುದು ನನ್ನ ಹಳೇ ಚಾಳಿ. ಈಗ ಕತ್ತರಿಸುವವಳು ಮಗಳು, ಕೂರಿಸುವವಳು ಮಗಳು, ಗಿರಾಕಿಗಳಿಗೆ ಫೋನಿನಲ್ಲಿ ಸಮಾಧಾನ ಹೇಳುವವಳೂ ಮಗಳೇ. ನನ್ನ ಕೈ ಸ್ವಲ್ಪ ನಡುಗಲು ಶುರುವಾದಾಗ ಗಾಜು ಕೊರೆಯುವ ಕಟರ್ ಅವಳ ಕೈಗೆ ಹೋಯಿತು. ಕಣ್ಣು ಮಂಜಾದಾಗ ಅಳತೆಯ ಟೇಪು ಹೋಯಿತು. ಹೊಸ ಪಿಕಪ್ ಬಂದ ದಿನ ಗಾಡಿಯ ಕೀಲಿಯೂ ಹೋಯಿತು. ನಾನು ಅಂಗಡಿಯ ಯಜಮಾನ ಎನ್ನುವುದಕ್ಕೆ ಬೋರ್ಡಿನ ಮೇಲಿರುವ ಹೆಸರೊಂದೇ ಸಾಕ್ಷಿ, ಅದೂ ಬಿಸಿಲಿಗೆ ಮಾಸಿದೆ.

ಒಂದು ಕೆಲಸ ಮಾತ್ರ ನಾನು ಬಿಟ್ಟುಕೊಟ್ಟಿರಲಿಲ್ಲ. ಗಾಡಿಗೆ ಆಯಿಲ್ ಬದಲಾಯಿಸುವುದು. ಹಳೇ ವ್ಯಾನಿದ್ದಾಗ ಅದರಡಿ ಅಂಗಾತ ಮಲಗಿ ಮುಖಮೂತಿಗೆಲ್ಲ ಆಯಿಲ್ ಬಳಿದುಕೊಂಡು ಎದ್ದು ಬಂದರೆ, ಇಡೀ ಬೀದಿಗೆ ನಾನು ಬದುಕಿರುವುದು ಗೊತ್ತಾಗುತ್ತಿತ್ತು. ಗಾಡಿಯಡಿ ನುಗ್ಗುವ ಮೊದಲು ಮಗಳನ್ನು ಟೀ ತರಲು ಕಳಿಸಿಬಿಡುತ್ತಿದ್ದೆ. ನೋಡಿ ಕಲಿತುಬಿಟ್ಟರೆ ನನ್ನ ಗತಿಯೇನು? ಹೊಸ ಪಿಕಪ್ಪಿನ ಮೊದಲ ಸರ್ವಿಸುಗಳನ್ನು ಕಂಪನಿಯವರೇ ಮಾಡಿಕೊಟ್ಟಾಗ ನಾನು ಮನೆಯಲ್ಲಿ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಅವರ ಉಪಚಾರವೆಲ್ಲ ಮುಗಿದ ಮೇಲೆ, ಇನ್ನು ಮುಂದೆ ಇದು ನನ್ನದು ಎಂದು ಊಟಕ್ಕೆ ಕೂತಾಗ ಘೋಷಿಸಿದೆ.

ಘೋಷಿಸಿದ್ದೇನೋ ಸರಿ. ಸ್ಟೀರಿಂಗಿನ ಹಿಂದೆ ಕಿತ್ತಳೆ ದೀಪ ಹತ್ತಿ ‘ಆಯಿಲ್ ಬದಲಾಯಿಸಿ’ ಎಂದು ಪರದೆ ಗೋಗರೆಯತೊಡಗಿದಾಗ, ನಾಳೆ, ನಾಡಿದ್ದು ಎಂದು ನಾನು ದಿನ ದೂಡಿದೆ. ಅಷ್ಟರಲ್ಲಿ ಮಗಳಿಗೆ ದೊಡ್ಡ ಕೆಲಸವೊಂದು ಸಿಕ್ಕಿತು. ಬೆಟ್ಟದ ಮೇಲಿನ ಊರಿನ ನೃತ್ಯಶಾಲೆಗೆ ಗೋಡೆಯುದ್ದಕ್ಕೂ ಕನ್ನಡಿ. ಅವಳೇ ಹೋಗಿ ಮಾತಾಡಿ, ಅವಳೇ ಅಳೆದು, ಅವಳೇ ಕತ್ತರಿಸಿದ್ದು. ಕೊಂಡೊಯ್ಯುವವಳೂ ಅವಳೇ, ಒಬ್ಬಳೇ.

“ಅಪ್ಪಾ, ನಾಡಿದ್ದು ಲೋಡ್ ಹಾಕ್ಕೊಂಡು ಅಷ್ಟೆತ್ತರ ಹತ್ತಬೇಕು. ಈ ದೀಪ ಇಟ್ಕೊಂಡು ನಾನು ಹೋಗಲ್ಲ. ಗ್ಯಾರೇಜಿಗೆ ಬಿಟ್ಟುಬರ್ತೀನಿ,” ಎಂದಳು.

“ಗ್ಯಾರೇಜ್ ಯಾಕೆ? ನಾನೇನು ಸತ್ತುಹೋಗಿದೀನಾ?”

“ಹಾಗಲ್ಲಪ್ಪ…”

“ನಾಳೆ ಸಂಜೆಯೊಳಗೆ ಆಗಿರುತ್ತೆ. ಹೋಗು, ನಿನ್ನ ಕೆಲಸ ನೋಡ್ಕೋ.”

ಅವಳು ನನ್ನನ್ನೊಮ್ಮೆ ನೋಡಿ, “ಆಯ್ತು. ಇದೊಂದು ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ಇನ್ಮೇಲೆ ಗ್ಯಾರೇಜೇ,” ಎಂದಳು. ಹುಡುಗಿ ಬೆದರಿಸಲಿಲ್ಲ, ಮೆತ್ತಗೆ ಹೇಳಿದಳು. ಅದಕ್ಕೇ ಹೆಚ್ಚು ಉರಿಯಿತು.

ಮರುದಿನ ಬೆಳಗ್ಗೆ ಆಯಿಲ್ ಡಬ್ಬಿ, ಫಿಲ್ಟರ್, ಸ್ಪ್ಯಾನರ್, ಹಳೇ ಬೋಗುಣಿ ಎಲ್ಲವನ್ನೂ ಶಟರಿನ ಪಕ್ಕ ಮದುವೆ ಸಾಮಾನಿನ ಹಾಗೆ ಜೋಡಿಸಿದೆ. ಇಂಜಿನ್ನಿನ ಆಯಿಲ್ ಮಟ್ಟ ತೋರಿಸುವ ಕಡ್ಡಿ ಎಳೆದು ನೋಡಿದರೆ ಆಯಿಲ್ ತುದಿಗಷ್ಟೇ ಹತ್ತಿತ್ತು, ಕಾಡಿಗೆಯಷ್ಟು ಕಪ್ಪು. ಇಂಜಿನ್ ಒಂದಿಷ್ಟು ಬೆಚ್ಚಗಾಗಲಿ ಎಂದು ಗಾಡಿಯೊಳಗೆ ಕೂತು ಸ್ಟಾರ್ಟ್ ಮಾಡಿದೆ. ಕಿತ್ತಳೆ ದೀಪ ನನ್ನನ್ನೇ ದಿಟ್ಟಿಸಿತು. ಆಯಿಲ್ ಹಾಕುವುದು ನನಗೆ ನೀರು ಕುಡಿದಷ್ಟು ಸಲೀಸು, ಮೊದಲು ಈ ದೀಪದ ಗ್ರಹಚಾರ ಬಿಡಿಸಿಬಿಡೋಣ ಎಂದುಕೊಂಡೆ. ನನ್ನ ಬುದ್ಧಿಗೆ ಮಂಕು ಕವಿದದ್ದು ಅಲ್ಲಿಂದ.

ಪಕ್ಕದ ಕ್ಷೌರದಂಗಡಿಯವನನ್ನು ಬೀದಿಯವರೆಲ್ಲ ರೇಡಿಯೋ ಅನ್ನುತ್ತಾರೆ. ಯಾಕೆಂದು ಬಿಡಿಸಿ ಹೇಳಬೇಕಿಲ್ಲ. ನಾನು ಗುಂಡಿಗಳನ್ನು ಒತ್ತುತ್ತ ಬೈದುಕೊಳ್ಳುವುದು ಕೇಳಿ, ಅರ್ಧ ಗಡ್ಡ ಹೆರೆದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಓಡಿ ಬಂದ. ಫೋನಿನಲ್ಲಿ ವಿಡಿಯೋ ಹುಡುಕಿಯೂ ಕೊಟ್ಟ.

“ಅಣ್ಣಾ, ಭಾಳ ಸುಲಭ. ಬ್ರೇಕ್ ಮೇಲೆ ಕಾಲಿಡದೆ ಸ್ಟಾರ್ಟ್ ಗುಂಡಿ ಒತ್ತಬೇಕಂತೆ. ಇಂಜಿನ್ ಸ್ಟಾರ್ಟ್ ಆಗಬಾರದು, ಪರದೆ ಮಾತ್ರ ಹತ್ತಬೇಕು. ಆಮೇಲೆ ಸ್ಟೀರಿಂಗ್ ಮೇಲಿರೋ ಗುಂಡೀಲಿ ಆಯಿಲ್ ಪುಟಕ್ಕೆ ಹೋಗಿ ಒತ್ತಿ ಹಿಡ್ಕೊಳ್ಳೋದು, ಅಷ್ಟೇ.”

ಅಷ್ಟೇ! ಜೀವಮಾನವಿಡೀ ಗಾಡಿ ಓಡಿಸಿದವನಿಗೆ ಬ್ರೇಕಿನ ಮೇಲೆ ಕಾಲಿಡಬೇಡ ಎಂದು ಹೇಳಿ ನೋಡಿ. ಕೈ ಸ್ಟಾರ್ಟ್ ಗುಂಡಿಯ ಕಡೆ ಹೊರಟ ಕೂಡಲೇ ನನ್ನ ಬಲಗಾಲು ತಾನಾಗಿಯೇ ಹೋಗಿ ಬ್ರೇಕನ್ನು ಅದುಮುತ್ತಿತ್ತು. ಇಂಜಿನ್ ಗುರ್ ಎಂದು ಎದ್ದು ಕೂರುತ್ತಿತ್ತು. ಆರಿಸುವುದು, ಕಾಲಿಗೆ ಬೈಯುವುದು, ಮತ್ತೆ ಒತ್ತುವುದು, ಮತ್ತೆ ಗುರ್.

“ಅಣ್ಣಾ, ಕಾಲು!”

“ಗೊತ್ತಯ್ಯಾ!”

“ಮತ್ತೆ ಇಟ್ರಲ್ಲ!”

“ನಾನಿಡಲಿಲ್ಲ ಕಣಯ್ಯಾ, ಅದೇ ಇಟ್ಟುಕೊಳ್ತು!”

ಅರ್ಧ ಗಡ್ಡದ ಗಿರಾಕಿ ಕೊರಳಿಗೆ ಕಟ್ಟಿದ ಬಟ್ಟೆಯ ಸಮೇತ ಹೊರಗೆ ಬಂದು ನಿಂತ. ಅವನೂ ‘ಕಾಲು, ಕಾಲು’ ಎಂದು ಕೂಗತೊಡಗಿದ. ನನಗೆ ರೇಗಿಹೋಯಿತು. ಚಪ್ಪಲಿ ಕಳಚಿ ಬಿಸಾಕಿ, ಎರಡೂ ಕಾಲುಗಳನ್ನು ಸೀಟಿನ ಮೇಲೆಳೆದುಕೊಂಡು, ಊಟಕ್ಕೆ ಕೂತವನ ಹಾಗೆ ಚಕ್ಕಳಮಕ್ಕಳ ಹಾಕಿ ಕೂತೆ. ಮಂಡಿಗಳು ಲಟಕ್ ಎಂದವು. ಈಗ ತುಳಿ ನೋಡೋಣ, ಮಗನೇ, ಎಂದು ಕಾಲಿಗೆ ಹೇಳಿ ಗುಂಡಿ ಒತ್ತಿದೆ. ಇಂಜಿನ್ ಏಳಲಿಲ್ಲ, ಪರದೆ ಹೊತ್ತಿಕೊಂಡಿತು.

ಆಯಿಲ್ ಪುಟ ಸಿಕ್ಕಿತು, ಗುಂಡಿಯನ್ನು ಒತ್ತಿ ಹಿಡಿದೆ. ಪರದೆ ಏನೋ ಕೇಳಿತು. ಆಯಿಲ್ ಬದಲಾಯಿಸಿದ್ದೀರಾ, ಹೌದೋ ಅಲ್ಲವೋ? ಅಷ್ಟು ಹೊತ್ತು ಹೆಣಗಿದವನಿಗೆ ಅದು ಪ್ರಶ್ನೆ ಎನ್ನಿಸಲೇ ಇಲ್ಲ, ಇನ್ನೊಂದು ಅಡ್ಡಗಾಲು ಅನ್ನಿಸಿತು. ಹೌದು ಕಣೋ ಎಂದು ಗದರಿ ‘ಹೌದು’ ಒತ್ತಿದೆ. ದೀಪ ಆರಿತು. ‘ಆಯಿಲ್ ನೂರಕ್ಕೆ ನೂರು’ ಎಂದು ಹಸಿರು ಅಕ್ಷರ ಮೂಡಿತು. ಪರೀಕ್ಷೆಯಲ್ಲಿ ನನಗೆ ಎಂದೂ ಬೀಳದ ಅಂಕ ಅದು.

ರೇಡಿಯೋ ಚಪ್ಪಾಳೆ ತಟ್ಟಿದ. ನನ್ನನ್ನು ಅಂಗಡಿಯೊಳಗೆ ಕರೆದೊಯ್ದು ಗಿರಾಕಿಯ ಕುರ್ಚಿಯಲ್ಲೇ ಕೂರಿಸಿ ಟೀ ತರಿಸಿದ. ನಾನು ಕಾಲಿನ ಕಥೆಯನ್ನು ಒಬ್ಬೊಬ್ಬರು ಬಂದಹಾಗೆಲ್ಲ ಮೊದಲಿನಿಂದ ಹೇಳಿದೆ. ಮಧ್ಯಾಹ್ನ ಮನೆಗೆ ಹೋದಾಗ ನಮ್ಮನೆಯವಳು ನನ್ನ ಕೈ ನೋಡಿ, “ಏನ್ರೀ, ಆಯಿಲ್ ಕೆಲಸ ಮಾಡಿದ ಕೈ ಇಷ್ಟು ಚೊಕ್ಕವಾಗಿದೆ?” ಎಂದಳು. “ಇದು ಹೊಸ ಕಾಲದ ಗಾಡಿ ಕಣೆ. ಕೈಗಿಂತ ತಲೆ ಓಡಿಸಬೇಕು,” ಎಂದು ಮೀಸೆ ತಿರುವಿ, ಉಂಡು, ಗಡದ್ದಾಗಿ ಮಲಗಿದೆ.

ಸಂಜೆ ಮಗಳು ಗಾಡಿಯೊಳಗೆ ಇಣುಕಿ ನೋಡಿ ಬಂದಳು. “ಪರವಾಗಿಲ್ವೇ ಅಪ್ಪಾ! ದೀಪಾನೂ ಆರಿಸಿಬಿಟ್ಟಿದೀಯ! ನಾನು ಅದು ನಿನ್ನಿಂದ ಆಗಲ್ಲ ಅಂದ್ಕೊಂಡಿದ್ದೆ. ತಪ್ಪಾಯ್ತು ಬಿಡು,” ಎಂದು ನನ್ನ ಭುಜ ಹಿಡಿದು ಅಲ್ಲಾಡಿಸಿದಳು. ಮಗಳಿಂದ ಹಾಗೆ ಹೊಗಳಿಸಿಕೊಂಡು ಬಹಳ ಕಾಲವಾಗಿತ್ತು. ಕಣ್ಣು ತೇವವಾಯಿತು, ಸುಳ್ಳು ಯಾಕೆ ಹೇಳಲಿ.

ಮರುದಿನ ಬೆಳಗ್ಗೆ ಕನ್ನಡಿಗಳನ್ನು ಕಂಬಳಿ ಸುತ್ತಿ, ಮರದ ಚೌಕಟ್ಟಿಗೆ ಆನಿಸಿ, ಪಟ್ಟಿ ಬಿಗಿದು ಲೋಡ್ ಮಾಡಿದ್ದಾಯಿತು. ಮಗಳು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಳು. ನಮ್ಮನೆಯವಳು ಬುತ್ತಿ ಕೊಟ್ಟಳು. ರೇಡಿಯೋ ಬಾಗಿಲಲ್ಲಿ ನಿಂತು ಕೈ ಬೀಸಲು ತಯಾರಾಗಿದ್ದ. ಇಂಥ ಹೊತ್ತಿನಲ್ಲಿ ಯಜಮಾನನಾದವನು ನಾಲ್ಕು ಮಾತು ಆಡದಿದ್ದರೆ ಹೇಗೆ? ಶಟರಿನ ಪಕ್ಕ ಇದ್ದ ಆಯಿಲ್ ಡಬ್ಬಿಯನ್ನು ಆಸನ ಮಾಡಿಕೊಳ್ಳೋಣವೆಂದು ಕಾಲಿನಿಂದ ತಳ್ಳಿದೆ.

ಡಬ್ಬಿ ಅಲ್ಲಾಡಲಿಲ್ಲ.

ಇನ್ನೊಮ್ಮೆ ತಳ್ಳಿದೆ. ಒಳಗೆ ಗುಳುಕ್ ಎಂದಿತು. ಬಗ್ಗಿ ನೋಡಿದರೆ ಮುಚ್ಚಳದ ಸೀಲು ಹಾಗೇ ಇದೆ. ಪಕ್ಕದಲ್ಲಿ ಫಿಲ್ಟರ್ ಪೆಟ್ಟಿಗೆಯೊಳಗೇ ಇದೆ, ಬೋಗುಣಿ ಒಣಗಿದೆ. ಡಬ್ಬಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ ಎಂದಲ್ಲ, ಎಲ್ಲರೂ ನೋಡಿದ್ದರು, ಖಾಲಿ ಎಂದುಕೊಂಡಿದ್ದರು. ದೀಪ ಆರಿಸುವ ಗಲಾಟೆಯಲ್ಲಿ ನಾನು ಆಯಿಲ್ ಹಾಕುವುದನ್ನೇ ಮರೆತಿದ್ದೆ!

ಮಗಳು ಇಂಜಿನ್ ಸ್ಟಾರ್ಟ್ ಮಾಡಿದಳು.

ನನ್ನ ಹೀನಬುದ್ಧಿಯನ್ನೂ ಹೇಳಿಬಿಡುತ್ತೇನೆ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೆ ಗೊತ್ತಾಗುತ್ತದೆ ಎಂದು ಒಂದು ಗಳಿಗೆ ಅನ್ನಿಸಿತು. ಗಾಡಿಯೇ ನೂರಕ್ಕೆ ನೂರು ಎಂದು ನನ್ನ ಪರ ಸಾಕ್ಷಿ ಹೇಳುತ್ತಿದೆ. ನಾಳೆ ಅವಳು ವಾಪಸ್ ಬಂದ ಮೇಲೆ ಗುಟ್ಟಾಗಿ ಹಾಕಿದರಾಯಿತು. ಹೇಳಿದರೆ ನನ್ನ ಕೊನೆಯ ಕೆಲಸವೂ ಇವತ್ತಿಗೆ ಗ್ಯಾರೇಜಿನ ಪಾಲು. ಅಷ್ಟರಲ್ಲಿ ನಿನ್ನೆ ಎಳೆದು ನೋಡಿದ ಕಡ್ಡಿಯ ಕಪ್ಪು ತುದಿ ಕಣ್ಣ ಮುಂದೆ ಬಂತು. ಆ ಏರಿನ ನಡುವೆ ಇಂಜಿನ್ ಜಾಮ್ ಆಗಿ ನಿಂತರೆ, ಬೆನ್ನ ಹಿಂದೆ ಅಷ್ಟು ಭಾರ ಹೊತ್ತು ನನ್ನ ಮಗಳು ಒಬ್ಬಳೇ. ಗಾಡಿ ಹೊರಟೇಬಿಟ್ಟಿತ್ತು. ನಾನು ಓಡಿಹೋಗಿ ಎರಡೂ ಕೈ ಚಾಚಿ ಅಡ್ಡ ನಿಂತೆ.

“ಅಪ್ಪಾ! ಏನಾಯ್ತು?”

“ಇಳಿ ಮರೀ. ಆಯಿಲ್ ಹಾಕಿಲ್ಲ.”

“ಹಾಕಿಲ್ಲ ಅಂದ್ರೆ?”

“ಮರೆತುಬಿಟ್ಟೆ.”

ಅವಳು ಪರದೆ ನೋಡಿದಳು, ನನ್ನನ್ನು ನೋಡಿದಳು, ಡಬ್ಬಿ ನೋಡಿದಳು. “ಮತ್ತೆ ನಿನ್ನೆ ಬೆಳಗ್ಗೆಯಿಂದ ಮಾಡಿದ್ದೇನು?”

“ದೀಪ ಆರಿಸಿದೆ.”

ರೇಡಿಯೋ ಕಿಸಕ್ಕೆಂದು ನಕ್ಕು ಒಳಗೆ ಓಡಿದ. ಸಂಜೆಯೊಳಗೆ ಇದು ಊರಿಗೆಲ್ಲ ಬಿತ್ತರವಾಗುತ್ತದೆ ಎಂದು ನನಗೆ ಗೊತ್ತಾಯಿತು. ನಮ್ಮನೆಯವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತ ತಿರುಗಿದಳು. ಮಗಳು ಮಾತ್ರ ನಗಲಿಲ್ಲ. ಇಂಜಿನ್ ಆರಿಸಿ, ನೃತ್ಯಶಾಲೆಗೆ ಫೋನ್ ಮಾಡಿ ಸ್ವಲ್ಪ ತಡವಾಗುತ್ತದೆ ಎಂದು ಹೇಳಿ, ಕೆಳಗಿಳಿದಳು. ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿ ನಿಂತೆ.

“ಸ್ಪ್ಯಾನರ್ ಎಲ್ಲಿ?” ಎಂದಳು.

“ಬಿಡು, ನಾನು ಮಾಡ್ತೀನಿ.”

“ಬೇಡ. ನಾನು ಮಲಗ್ತೀನಿ ಕೆಳಗೆ, ನೀನು ಹೇಳ್ತಾ ಹೋಗು. ದಾರೀಲಿ ಎಲ್ಲಾದ್ರೂ ಬೇಕಾದ್ರೆ ನನಗೆ ಗೊತ್ತಿರಬೇಡ್ವಾ? ಪ್ರತಿ ಸಲಾನೂ ಟೀ ತರೋಕೆ ಕಳಿಸ್ತಿದ್ದೆಯಲ್ಲ.”

ಅದನ್ನೂ ಗಮನಿಸಿದ್ದಳು, ಕಳ್ಳಿ. ನಾನು ಸ್ಪ್ಯಾನರ್ ಕೊಟ್ಟೆ. ಇಸ್ತ್ರಿ ಅಂಗಿಯ ಮೇಲೆ ನನ್ನ ಹಳೇ ಕೋಟು ತೊಟ್ಟು, ಗೋಣಿಚೀಲ ಹಾಸಿಕೊಂಡು ಅವಳು ಗಾಡಿಯಡಿ ಸರಿದಳು. ನಾನು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಹೇಳುತ್ತ ಹೋದೆ. ಆಯಿಲ್ ಇಳಿಸುವ ಬೋಲ್ಟಿನ ಕೊನೆಯ ಸುತ್ತನ್ನು ಸ್ಪ್ಯಾನರಿನಿಂದ ಬಿಚ್ಚಬೇಡ, ಬೆರಳಿನಿಂದ ಬಿಚ್ಚು. ಬೋಲ್ಟನ್ನು ಮೇಲಕ್ಕೆ ಒತ್ತಿ ಹಿಡಿದೇ ತಿರುಗಿಸು, ಆಮೇಲೆ ಸರಕ್ಕನೆ ಪಕ್ಕಕ್ಕೆ ಎಳೆ. ಬಿಗಿ ಮಾಡುವಾಗ ನಿನ್ನ ಶಕ್ತಿಯನ್ನೆಲ್ಲ ತೋರಿಸಬೇಡ. ಅವಳು ಹೇಳಿದ ಹಾಗೇ ಮಾಡಿದಳು. ಒಂದು ಹನಿಯೂ ಹೊರಗೆ ಬೀಳಲಿಲ್ಲ. ನಾನು ಮಾಡಿದಾಗಲೆಲ್ಲ ಮೊಣಕೈವರೆಗೆ ಇಳಿದು ಬರುತ್ತಿತ್ತು. ಹೊಟ್ಟೆಕಿಚ್ಚೂ ಆಯಿತು, ಹೆಮ್ಮೆಯೂ ಆಯಿತು, ಯಾವುದು ಹೆಚ್ಚು ಎಂದು ಕೇಳಬೇಡಿ.

ಫಿಲ್ಟರ್ ಹಾಕಿ, ಹೊಸ ಆಯಿಲ್ ಸುರಿದು, ಕಡ್ಡಿ ನೋಡಿ ಬಾನೆಟ್ ಮುಚ್ಚಿದಳು. “ನಿನ್ನೆಯದು ಸುಳ್ಳು ಲೆಕ್ಕ. ಮತ್ತೆ ಮೊದಲಿಂದ ಶುರು ಮಾಡಿಸಬೇಕು. ಹತ್ತಿ ಕೂತ್ಕೋ ಅಪ್ಪಾ.”

“ನೀನೇ ಮಾಡು.”

“ನನ್ನ ಕೈ ಕೊಳೆಯಾಗಿದೆ. ದೀಪದ ಖಾತೆ ನಿನ್ನದೇ, ಯಾರಿಗೂ ಕೊಡಲ್ಲ.”

ಸರಿ, ಚಪ್ಪಲಿ ಬಿಟ್ಟು ಹತ್ತಿದೆ. ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿದೆ. ಈಗ ಮಗಳಿಗೂ ನಗು ತಡೆಯಲಾಗಲಿಲ್ಲ, ಬಾನೆಟ್ಟಿಗೆ ಆತುಕೊಂಡು ನಕ್ಕಳು. ಗುಂಡಿ ಒತ್ತಿದೆ, ಪುಟಕ್ಕೆ ಹೋದೆ, ಒತ್ತಿ ಹಿಡಿದೆ. ಪರದೆ ಮತ್ತೆ ಅದೇ ಪ್ರಶ್ನೆ ಕೇಳಿತು. ನಾನು ಬೆರಳನ್ನು ಅಲ್ಲೇ ತಡೆದು, ಕಿಟಕಿಯಿಂದ ತಲೆ ಹೊರಹಾಕಿದೆ.

“ಮರೀ, ಆಯಿಲ್ ಬದಲಾಯಿಸಿದೀಯಾ ಅಂತ ಕೇಳ್ತಿದೆ. ಏನು ಹೇಳಲಿ?”

“ಹೌದು ಅನ್ನಪ್ಪಾ.”

ಹೌದು ಎಂದೆ. ಇಳಿಯಲು ಹೋದರೆ ಬಲಗಾಲು ಜೋಮು ಹಿಡಿದು ನೆಲಕ್ಕೆ ಊರಲೇ ಇಲ್ಲ. ಅವಳೇ ತೋಳು ಹಿಡಿದು ಇಳಿಸಿಕೊಂಡಳು. ನನ್ನ ಅಂಗಿಯ ತೋಳಿನ ಮೇಲೆ ಅವಳ ಐದು ಬೆರಳೂ ಕಪ್ಪಗೆ ಮೂಡಿದವು. ಕೈ ಒರೆಸಿಕೊಂಡು, ಕೋಟು ಕಳಚಿ ಅಮ್ಮನಿಗೆ ಕೊಟ್ಟು, ಮೇಲೆ ಹತ್ತಿದಳು. ನನ್ನ ಸ್ಪ್ಯಾನರನ್ನು ಸೀಟಿನ ಕೆಳಗೆ ಹಾಕಿಕೊಂಡಳು. ತಗೊಳ್ಳಲಾ ಎಂದು ಅವಳು ಕೇಳಲಿಲ್ಲ, ವಾಪಸ್ ಕೊಡು ಎಂದು ನಾನೂ ಅನ್ನಲಿಲ್ಲ.