ಎರಡನೇ ಒಲೆ

ನಮ್ಮ ಮನೆಯ ಗಂಡಸರಿಗೆ ಜಗಳವಾಡಲು ದೊಡ್ಡ ಕಾರಣವೇನೂ ಬೇಕಿಲ್ಲ. ಟ್ರ್ಯಾಕ್ಟರ್ ಇವತ್ತು ಯಾರ ಸರದಿ ಎಂಬ ಮಾತು ಬೆಳೆದು, ನನ್ನ ಗಂಡನೂ ಭಾವನೂ ಮನೆಯ ನಡುವೆ ಗೋಡೆ ಎಬ್ಬಿಸಿದ್ದು ಹತ್ತು ವರ್ಷದ ಹಿಂದೆ. ಆ ಕಡೆ ಅಕ್ಕನ ಒಲೆ, ಈ ಕಡೆ ನನ್ನ ಒಲೆ. ಅಕ್ಕ ಎಂದರೆ ನನ್ನ ವಾರಗಿತ್ತಿ, ಭಾವನ ಹೆಂಡತಿ. ಗಂಡಂದಿರ ಮಾತಿಗೆ ಕಟ್ಟುಬಿದ್ದು ನಾವೂ ಬಾಯಿಗೆ ಬೀಗ ಹಾಕಿಕೊಂಡೆವು. ಒಂಬತ್ತು ವರ್ಷ ನಾನು ಗೋಡೆಯ ಜೊತೆ ಮಾತಾಡಿಕೊಂಡು ಅಡುಗೆ ಮಾಡಿದ್ದೇನೆ.

ಆಮೇಲೆ ಕೊರೋನಾ ಬಂತು. ಮಾರುಕಟ್ಟೆ ಮುಚ್ಚಿತು, ಎರಡೂ ಪಾಲಿನ ಎಲೆಕೋಸು ಹೊಲದಲ್ಲೇ ಕೊಳೆಯತೊಡಗಿತು. ಒಂದು ದಿನ ಅಕ್ಕನೇ ಹಿತ್ತಲ ಬಾಗಿಲಲ್ಲಿ ನಿಂತು, "ಇಬ್ರೂ ಅದೇ ಕೋಸು ತಾನೇ ಬೇಯಿಸೋದು? ಸೌದೆ ಯಾಕೆ ದಂಡ, ಬಾ ಈ ಕಡೆ" ಎಂದಳು. ಹೋದೆ. ಗಂಡಸರೂ ಬಾಲ ಮುದುರಿಕೊಂಡು ಹಿಂದೆಯೇ ಬಂದರು. ಹತ್ತು ತಿಂಗಳು ಕೋಸು ತಿಂದು ತಿಂದು ನಾಲಿಗೆ ಸತ್ತುಹೋಗಿದೆ, ಆದರೆ ಅಷ್ಟು ನಗುನಗುತ್ತಾ ನಾನು ಈ ಮನೆಯಲ್ಲಿ ಎಂದೂ ಉಂಡಿರಲಿಲ್ಲ. ಈ ಕಡೆಯ ನನ್ನ ಒಲೆಯೊಳಗೆ ಕೋಳಿಯೊಂದು ಕಾವಿಗೆ ಕೂತಿತು.

ಅಷ್ಟರಲ್ಲಿ ಸರ್ಕಾರದ ಪರಿಹಾರ ಬಂತು. ತರಕಾರಿ ಬೆಳೆದು ನಷ್ಟವಾದ ಪ್ರತಿ ಕುಟುಂಬಕ್ಕೂ ಮೂರು ಕಂತು. ಕುಟುಂಬ ಎನ್ನಿಸಿಕೊಳ್ಳಲು ಬೇರೆ ಒಲೆ ಇರಬೇಕು. ಅಣ್ಣ ಒಂದು, ತಮ್ಮ ಒಂದು ಅರ್ಜಿ ಕೊಟ್ಟು ಬಂದರು.

"ನಾಳೆ ತನಿಖೆಗೆ ಬರ್ತಾರೆ, ಒಲೆ ಹಚ್ಚು" ಎಂದರು ನಮ್ಮವರು.

"ಕೋಳಿ ಕೂತಿದೆ."

"ಬುಟ್ಟೀಲಿ ಕೂರಿಸು. ಉಳಿದ ಕಂತಿಗೂ ಯಾವಾಗ ಬೇಕಾದ್ರೂ ಬಂದು ನೋಡ್ತಾರಂತೆ. ಇನ್ನೊಂದು ವರ್ಷ ನಮ್ಮ ಕಡೇನೇ ಅಡುಗೆ, ನಮ್ಮ ಕಡೇನೇ ಊಟ."

ಮತ್ತೆ ಒಂದು ವರ್ಷ ಆ ಗೋಡೆಯ ಮುಖ ನೋಡಿಕೊಂಡು ಉಣ್ಣಬೇಕು. ಅಕ್ಕ ಏನಾದರೂ ಹೇಳಿಯಾಳೆಂದು ನೋಡಿದೆ. ಅವಳು ತುಟಿ ಪಿಟಕ್ಕೆನ್ನದೆ ಕೋಸು ಹೆಚ್ಚುತ್ತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಮರುದಿನ ಕೋಳಿಯನ್ನು ಹನ್ನೊಂದು ಮೊಟ್ಟೆ ಸಮೇತ ಬುಟ್ಟಿಗೆ ಸಾಗಿಸಿದೆ. ಅದು ಎರಡು ಸಲ ಕೈಗೆ ಕುಕ್ಕಿತು. ತಪ್ಪೇನಿಲ್ಲ, ಅದರ ಜಾಗದಲ್ಲಿ ನಾನಿದ್ದರೂ ಕುಕ್ಕುತ್ತಿದ್ದೆ. ಒಲೆ ಹಚ್ಚಿ, ಪಾತ್ರೆಯಲ್ಲಿ ಬರೀ ನೀರಿಟ್ಟು ಮುಚ್ಚಿದೆ.

ತನಿಖೆಯವರು ಮಾಸ್ಕಿನೊಳಗೇ ಉಸ್ಸೆನ್ನುತ್ತಾ ಬಂದರು. ಆ ಒಲೆ ನೋಡಿದರು, ಈ ಒಲೆ ನೋಡಿದರು, ಎರಡಕ್ಕೂ ಗುರುತು ಹಾಕಿಕೊಂಡರು. ಕೊನೆಗೆ ಒಂದು ಕಾಗದ ನನ್ನ ಮುಂದೆ ಹಿಡಿದು, "ಬೇರೆ ಅಡುಗೆ, ಬೇರೆ ಊಟ ಅಂತ ಇದೆ. ಅಡುಗೆ ಮಾಡೋರು ಸಹಿ ಹಾಕ್ಬೇಕು" ಎಂದರು.

ಪೆನ್ನು ಹಿಡಿದೆ. ನಮ್ಮವರು ಕಣ್ಣಲ್ಲೇ ಹಾಕು ಎಂದರು. ಅಕ್ಕ ಬಾಗಿಲಲ್ಲಿ ನೆಲ ನೋಡುತ್ತಾ ನಿಂತಿದ್ದಳು.

"ಸಾರ್, ಆ ಪಾತ್ರೇಲಿ ನೀರು ಬಿಟ್ರೆ ಏನಿಲ್ಲ. ಹಾಕೋಕೆ ಈ ಕಡೆ ಒಂದು ಹರಳು ಉಪ್ಪೂ ಇಲ್ಲ. ನಾವು ಉಣ್ಣೋದು ಆ ಕಡೆ."

ಅವರು ಮುಚ್ಚಳ ಎತ್ತಿ ನೋಡಿದರು. ನಮ್ಮ ಅರ್ಜಿಗೆ ಅಡ್ಡಗೆರೆ ಎಳೆದು, ಒಂದೇ ಕುಟುಂಬ ಎಂದು ಬರೆದುಕೊಂಡು ಹೋದರು. ಭಾವ ತಲೆ ಚಚ್ಚಿಕೊಂಡರು. ನಮ್ಮವರು ಮುಖ ಊದಿಸಿಕೊಂಡು ಹೋಗಿ ಟ್ರ್ಯಾಕ್ಟರ್ ಹತ್ತಿದರು. ಇವತ್ತು ಯಾರ ಸರದಿ ಎಂದು ಭಾವ ಕೇಳಲಿಲ್ಲ.

ಅಕ್ಕ ಒಳಗೆ ಬಂದು ಬೆಂಕಿಯ ಮೇಲೆ ನೀರು ಸುರಿದಳು. "ಉಪ್ಪಿಲ್ಲ ಅಂತ ಯಾಕೆ ಸುಳ್ಳು ಹೇಳ್ದೆ? ಬೆಳಿಗ್ಗೆ ನಾನೇ ನಿನ್ನ ಡಬ್ಬಿ ತುಂಬಿಸಿಟ್ಟಿದ್ದೆ."

"ನೋಡಿದೆ. ನನ್ನ ಕಳಿಸೋಕೆ ಅಷ್ಟು ಆತುರಾನಾ ಅಂತ ಅಳು ಬಂತು. ವಾಪಸ್ ನಿನ್ನ ಡಬ್ಬಿಗೇ ಸುರಿದೆ."

"ನಿಮಗೂ ನಾಲ್ಕು ಕಾಸು ಸಿಗ್ಲಿ ಅಂತ ಕಣೇ ನಾನು ಸುಮ್ನಿದ್ದಿದ್ದು" ಎಂದು ಅಕ್ಕ ಮೊಣಕೈಯಿಂದ ಕಣ್ಣೊರೆಸಿಕೊಂಡಳು. "ನನಗೇನು ಇಷ್ಟ ಇತ್ತಾ? ಬೂದಿ ಆರಲಿ, ಆ ಕೋಳೀನ ಮತ್ತೆ ಅಲ್ಲೇ ಕೂರಿಸು."

ಮಧ್ಯಾಹ್ನಕ್ಕೂ ಕೋಸೇ ಇತ್ತು. ಎರಡು ಸಲ ಬಡಿಸಿಕೊಂಡೆ.